ಬಾಯಿ ಬಿಡಿಸದ ಪಾತಿ

ಹುಲ್ಲು ಕೊಳ್ಳಲು ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಮನೆಯಲ್ಲಿ ಹೆಚ್ಚು ಮಾತಾಡುವವರು ಯಾರು? ಅಂಗಳಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ನೀರಿಗೆ ಬಾವಿಯೋ ನಲ್ಲಿಯೋ, ಮಣ್ಣು ಕೆಂಪೋ ಕಪ್ಪೋ ಎನ್ನುವುದೆಲ್ಲ ಆಮೇಲೆ. ಬಂದವರಲ್ಲಿ ಅರ್ಧ ಜನ ನಗುತ್ತಾರೆ. ಉಳಿದವರು ಪಕ್ಕದಲ್ಲಿ ನಿಂತ ಗಂಡನನ್ನೋ ಹೆಂಡತಿಯನ್ನೋ ನೋಡುತ್ತಾರೆ. ಆ ನೋಟದಲ್ಲೇ ಅವರಿಗೆ ಯಾವ ಹುಲ್ಲು ಕೊಡಬೇಕು ಎಂದು ನನಗೆ ಗೊತ್ತಾಗಿಬಿಡುತ್ತದೆ.

ನಮ್ಮ ಊರಿನಲ್ಲಿ ಹುಲ್ಲಿನ ಮೇಲೆ ಆಡಿದ ಮಾತು ಹುಲ್ಲಿನಲ್ಲೇ ಉಳಿಯುತ್ತದೆ. ಕತ್ತರಿಸಿದಾಗ ಹೊರಗೆ ಬರುತ್ತದೆ, ಆಡಿದವರ ದನಿಯಲ್ಲೇ, ಒಂದೇ ಒಂದು ಸಲ. ಆದ್ದರಿಂದ ಇಲ್ಲಿ ಅಂಗಳಕ್ಕೆ ಹುಲ್ಲು ಆರಿಸುವುದು ಹುಡುಗಾಟವಲ್ಲ. ಚಂದ ಕಾಣುತ್ತದೆ ಎಂದು ಹಾಕಿಸಿಕೊಂಡು ಆಮೇಲೆ ಅಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಗರಿಕೆ ಬಿಸಿಲಿನ ಹುಲ್ಲು. ವರ್ಷದಲ್ಲಿ ಒಂಬತ್ತು ತಿಂಗಳು ಸುಡುವ ಈ ಊರಿನಲ್ಲಿ ಅದರಷ್ಟು ಗಟ್ಟಿ ಇನ್ನೊಂದಿಲ್ಲ. ವಾರಕ್ಕೊಮ್ಮೆ ಕತ್ತರಿಸಲೇಬೇಕು, ಬಿಟ್ಟರೆ ಮೆಟ್ಟಿಲು ಹತ್ತುತ್ತದೆ. ಜಗಳಗಂಟ ಸಂಸಾರಗಳಿಗೆ ನಾನು ಕೊಡುವುದು ಗರಿಕೆಯನ್ನೇ. ಸೋಮವಾರ ಬೈದದ್ದು ಭಾನುವಾರ ಕೇಳಿಸಿ ಮುಗಿದುಹೋಗುತ್ತದೆ, ಕೂಡಿಡಲು ಆಗುವುದಿಲ್ಲ. ಬಫೆಲೋ ಹುಲ್ಲಿನ ಎಲೆ ಅಗಲ, ಮರದ ನೆರಳಿನಲ್ಲೂ ಬರುತ್ತದೆ. ಆದರೆ ಅದರಲ್ಲಿ ಮಾತು ದಪ್ಪವಾಗುತ್ತದೆ, ನೆಗಡಿಯಾದವರು ಆಡಿದ ಹಾಗೆ. ಕಚೇರಿಗಳಿಗೆ ಅಷ್ಟು ಸಾಕು. ಮೆಕ್ಸಿಕನ್ ಹುಲ್ಲಿನದು ಮಾತ್ರ ಬೇರೆಯೇ ಸ್ವಭಾವ. ಸೂಜಿಯಂಥ ಎಲೆ, ನಿಧಾನದ ಬೆಳವಣಿಗೆ, ಎರಡು ವರ್ಷ ಕತ್ತರಿ ಕಾಣದಿದ್ದರೂ ಉಬ್ಬುಬ್ಬಾಗಿ ಕೂತಿರುತ್ತದೆಯೇ ಹೊರತು ಮೇಲೆ ಏಳುವುದಿಲ್ಲ. ಪಿಸುಮಾತನ್ನೂ ಅದು ಬಿಡುವುದಿಲ್ಲ.

ಊರಿನವರು ಇದಕ್ಕೆಲ್ಲ ಹೊಂದಿಕೊಂಡೇ ಬದುಕುತ್ತಾರೆ. ಶಾಲೆಯ ಮೈದಾನದಲ್ಲಿ ಒಂದು ಎಳೆ ಹುಲ್ಲನ್ನೂ ಬೆಳೆಯಗೊಡುವುದಿಲ್ಲ, ಮೇಷ್ಟ್ರುಗಳೇ ಮುಂದೆ ನಿಂತು ಕೀಳಿಸುತ್ತಾರೆ. ಹೆಣ್ಣು ನೋಡಲು ಬಂದವರು ಲಾನಿನ ಮೇಲೆ ಕುರ್ಚಿ ಹಾಕಿದರೆ ಕೂರುವುದಿಲ್ಲ, ಒಳಗೇ ಸೆಕೆಯಲ್ಲಿ ಬೆವರುತ್ತಾ ಉಪ್ಪಿಟ್ಟು ತಿನ್ನುತ್ತಾರೆ. ಸಾವಾದ ಮನೆಯಲ್ಲಿ ಹದಿಮೂರು ದಿನ ಹುಲ್ಲಿಗೆ ಕತ್ತರಿ ತಾಗಿಸುವುದಿಲ್ಲ. ಹದಿಮೂರನೆಯ ದಿನ ನೆಂಟರೆಲ್ಲ ಸೇರಿ ಒಬ್ಬೊಬ್ಬರು ಒಂದೊಂದು ಹಿಡಿ ಕತ್ತರಿಸಿ, ಹೋದವರ ದನಿ ಕೇಳಿ, ಅತ್ತು, ಊಟ ಮಾಡಿ ಹೋಗುತ್ತಾರೆ. ಕೆಲವರು ಕೇಳಲು ಧೈರ್ಯ ಸಾಲದೆ ವರ್ಷಗಟ್ಟಲೆ ಹಾಗೇ ಬಿಡುವುದೂ ಉಂಟು. ಅಂಥ ಮನೆಯ ಮುಂದೆ ಹಾದುಹೋಗುವಾಗ ನಾವು ಯಾರೂ ಮಾತಾಡುವುದಿಲ್ಲ.

ನನ್ನ ನರ್ಸರಿಗೆ ಊರಿನವರು ಇಟ್ಟ ಹೆಸರು ಮೂಕ ಹೊಲ. ಮಾರುವ ಹುಲ್ಲಿನಲ್ಲಿ ಬೇರೆ ಯಾರದೋ ಮಾತು ಇರಬಾರದಲ್ಲ. ಅದಕ್ಕೆ ನಮ್ಮ ಹೊಲದಲ್ಲಿ ಬೆಳಿಗ್ಗೆ ಆರರಿಂದ ಸಂಜೆ ಐದರವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಗಿರಾಕಿಗಳ ಹತ್ತಿರ ಮಾತಾಡುವುದಕ್ಕೆ ಗೇಟಿನ ಹೊರಗೆ ಸಿಮೆಂಟು ಕಟ್ಟೆ ಇದೆ. ನನ್ನ ತಾಯಿ ನಡೆಸಿಕೊಂಡು ಬಂದ ಹೊಲ, ಅವರ ಕಾಲದಿಂದ ಇದೇ ನಿಯಮ. ನನ್ನ ಕಾಲದಲ್ಲಿ ಇನ್ನೂ ಬಿಗಿಯಾಯಿತು. ಬೇಲಿಯ ಮೇಲೆ ಕಾಗೆ ಕೂತು ಕೂಗಿದರೂ ಕಲ್ಲು ತೆಗೆದುಕೊಂಡು ಓಡುವವಳು ನಾನು. ಚನ್ನಾಜಮ್ಮ ಕೊಟ್ಟ ಹುಲ್ಲು ಎಂದರೆ ಹಾಲಿನಷ್ಟು ಶುದ್ಧ ಎಂದು ಜನ ಹೇಳುತ್ತಿದ್ದರು, ನಾನೂ ಅದನ್ನು ಕೇಳಿ ಉಬ್ಬುತ್ತಿದ್ದೆ.

ನನ್ನ ಗಂಡನ ಹೆಸರು ರಾಚಯ್ಯ. ಗಂಡನ ಹೆಸರು ಹೇಳಬಾರದು ಎಂದು ಕಲಿತವಳು ನಾನು, ಅವರು ಇರುವವರೆಗೂ ಹೇಳಲಿಲ್ಲ. ಈಗ ಯಾರಿಗಾಗಿ ಉಳಿಸಿಕೊಳ್ಳಲಿ? ಮದುವೆಗೆ ಮುಂಚೆ ಅವರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಬಸ್ಸು ಹತ್ತಿದವರ ಊರು, ಕೇರಿ, ಕಾಯಿಲೆ ಎಲ್ಲವನ್ನೂ ಇಳಿಯುವುದರೊಳಗೆ ವಿಚಾರಿಸಿ ಮುಗಿಸುವ ಜಾತಿ. ಮಾತಿನ ಕೊನೆಗೊಂದು "ಸರೀನಾ?" ಸೇರಿಸುವುದು ಅವರ ಚಾಳಿ. ಅಂಥವರನ್ನು ನಾನು ಕರೆದುಕೊಂಡು ಬಂದು ಮೂಕ ಹೊಲದಲ್ಲಿ ಇಪ್ಪತ್ತಾರು ವರ್ಷ ದುಡಿಸಿದೆ. ಮೂಗು ಮುಟ್ಟಿದರೆ ನೀರು ಬಿಡಿ ಎಂದರ್ಥ, ಮೊಣಕೈ ತಟ್ಟಿದರೆ ಜೇಕಿನ ಕಳೆ ಬಂದಿದೆ, ಕೀಳಿ ಎಂದರ್ಥ. ಅಷ್ಟರಲ್ಲೇ ನಮ್ಮ ಹಗಲುಗಳು ಕಳೆದವು. ಹಗಲೆಲ್ಲ ಬಾಯಿ ಕಟ್ಟಿಕೊಂಡವರು ಸಂಜೆ ಮನೆಗೆ ಬಂದು ಹರಟುತ್ತಾರೆ ಎಂದುಕೊಳ್ಳಬೇಡಿ. ಅವರು ಶುರು ಮಾಡುತ್ತಿದ್ದರು. "ಸಾಕು, ತಲೆ ಸಿಡೀತಿದೆ" ಎಂದು ನಾನು ಗೋಡೆಯ ಕಡೆ ತಿರುಗುತ್ತಿದ್ದೆ. ಹೀಗೆ ಎಷ್ಟು ವರ್ಷ ಹೇಳಬಹುದು ಒಬ್ಬರಿಗೆ? ಆಮೇಲಾಮೇಲೆ ಅವರು ಶುರು ಮಾಡುವುದನ್ನೂ ಬಿಟ್ಟರು. ಮಕ್ಕಳಾಗಿದ್ದರೆ ಮನೆಯಲ್ಲಿ ಒಂದಿಷ್ಟು ಗಲಾಟೆಯಾದರೂ ಇರುತ್ತಿತ್ತೇನೋ, ಆಗಲಿಲ್ಲ.

ಹೋದ ವರ್ಷ ಕಾಮಾಲೆ ಬಂದು ಹನ್ನೊಂದೇ ದಿನಕ್ಕೆ ತೀರಿಕೊಂಡರು. ನಮ್ಮ ಮನೆಯ ಮುಂದೆ ಹುಲ್ಲಿಲ್ಲ. ಹಗಲೆಲ್ಲ ಹುಲ್ಲಿನ ಸಹವಾಸ ಸಾಕಾಗಿ ನಾನೇ ಚಪ್ಪಡಿ ಕಲ್ಲು ಹಾಕಿಸಿದ್ದೆ. ಹದಿಮೂರನೆಯ ದಿನ ನೆಂಟರು ಅಭ್ಯಾಸಬಲದಿಂದ ಕತ್ತರಿ ತಂದಿದ್ದರು. ಕೈಯಲ್ಲಿ ಕತ್ತರಿ ಹಿಡಿದುಕೊಂಡು ಆ ಕಲ್ಲುಗಳ ಮೇಲೆ ಸುಮ್ಮನೆ ನಿಂತರು. ಹುಲ್ಲು ಮಾರುವವಳ ಗಂಡನ ದನಿ ಊರಿನ ಒಂದು ಎಳೆಯಲ್ಲೂ ಇಲ್ಲ ಎಂದು ಯಾರೋ ಹೆಂಗಸು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ನಾನು ಗಟ್ಟಿಯಾಗಿಯೇ ಇದ್ದೆ. ಮೂರು ತಿಂಗಳಾಗುವಷ್ಟರಲ್ಲಿ ಅವರ ದನಿ ನನಗೆ ಮರೆತುಹೋಯಿತು. ಅವರು ಹೇಳಿದ ಮಾತುಗಳು ನೆನಪಿದ್ದವು, ಆದರೆ ಅವೆಲ್ಲ ನನ್ನದೇ ದನಿಯಲ್ಲಿ ನೆನಪಾಗುತ್ತಿದ್ದವು. ಅದರಷ್ಟು ಸಂಕಟ ನನಗೆ ಸಾವಿನ ದಿನವೂ ಆಗಿರಲಿಲ್ಲ.

ಇನ್ನು ನಾನು ಮಾಡಿದ ತಪ್ಪನ್ನು ಹೇಳಬೇಕು. ನಮ್ಮ ಕಸುಬಿನಲ್ಲಿ ಹುಲ್ಲನ್ನು ಮಾರುವ ಮೊದಲು ಬಾಯಿ ಬಿಡಿಸುವುದು ಎಂಬ ಒಂದು ಕ್ರಮವಿದೆ. ಪ್ರತಿ ಪಾತಿಯ ಅಲ್ಲಲ್ಲಿ ಒಂದೊಂದು ಹಿಡಿ ಕತ್ತರಿಸಿ, ಕಿವಿ ಹತ್ತಿರ ಹಿಡಿದು, ಏನಾದರೂ ಮಾತು ಬರುತ್ತದೆಯೋ ಎಂದು ನೋಡುತ್ತೇವೆ. ಬಂದರೆ ಆ ಪಾತಿಯನ್ನು ಮಾರುವುದಿಲ್ಲ. ಹೊಲದ ಐದು ಪಾತಿಗಳಲ್ಲಿ ನಾಲ್ಕಕ್ಕೆ ನಾನು ತಪ್ಪದೆ ಬಾಯಿ ಬಿಡಿಸುತ್ತಿದ್ದೆ, ಕೂಲಿಯವರು ಓಡಾಡುವ ಪಾತಿಗಳು ಅವು. ಐದನೆಯದು ಆ ತುದಿಯಲ್ಲಿ ಬೇವಿನ ಮರದಿಂದ ಆಚೆಗಿತ್ತು, ಮೆಕ್ಸಿಕನ್ ಹುಲ್ಲಿನದು, ರಾಚಯ್ಯನವರೊಬ್ಬರೇ ನೋಡಿಕೊಳ್ಳುತ್ತಿದ್ದದ್ದು. ಅದಕ್ಕೆ ನಾನು ಒಂದು ದಿನವೂ ಕತ್ತರಿ ಹಾಕಲಿಲ್ಲ. ಗಂಡನ ಪಾತಿಯನ್ನು ಪರೀಕ್ಷೆ ಮಾಡುವುದೆಂದರೆ ಗಂಡನನ್ನು ನಂಬದ ಹಾಗೆ ಎಂದು ನನ್ನ ಲೆಕ್ಕ. ನಿಮ್ಮನ್ನು ನಂಬಿದ್ದೇನೆ, ನಿಮ್ಮದನ್ನು ನೋಡುವುದೇ ಇಲ್ಲ ಎಂದು ಅವರಿಗೆ ಹೇಳಬಹುದಿತ್ತು. ಹೊಗಳಿದ ಹಾಗಾಗುತ್ತದಲ್ಲ ಎಂದು ಅದನ್ನೂ ಹೇಳಲಿಲ್ಲ. ಹೊಗಳುವ ಬಾಯಲ್ಲ ನನ್ನದು.

ಅವರು ಹೋದ ಮೇಲೆ ಆ ಮೂಲೆಗೆ ನಾನು ಕಾಲಿಡಲಿಲ್ಲ. ಈ ಬೇಸಿಗೆಯ ಶುರುವಿನಲ್ಲಿ ವಾರಿಜಾ ಎಂಬ ಹೆಂಗಸು ಮನೆ ಮುಂದಿನ ಅಂಗಳಕ್ಕೆ ಹುಲ್ಲು ಬೇಕೆಂದು ಬಂದಳು. ಹೊಲಿಗೆ ಕೆಲಸದವಳು, ಗಂಡ ಪಾಲಾಕ್ಷ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಮಾತು ಕಡಿಮೆಯ ಜೋಡಿ, ಅಂಗಳಕ್ಕೆ ಅರ್ಧ ದಿನದ ನೆರಳು. ಮೆಕ್ಸಿಕನ್ನೇ ಸರಿ ಎಂದೆ. ಅಗೆದು ಕೊಡುವಾಗ ನನ್ನ ಪಾತಿಗಳ ಹುಲ್ಲು ಸಾಲದೆ ಬಂತು. ಕೂಲಿಯವರಿಗೆ ಕೈಸನ್ನೆ ಮಾಡಿ ಬೇವಿನ ಮರದಾಚೆಯ ಪಾತಿಯನ್ನು ಪೂರ್ತಿ ಎತ್ತಿಸಿದೆ. ಮಣ್ಣು ಸಮೇತ ತುಂಡು ತುಂಡಾಗಿ ಗಾಡಿಗೆ ಹೋಗುವುದನ್ನು ನೋಡಲಾಗದೆ ಬೆನ್ನು ತಿರುಗಿಸಿ ನಿಂತೆ. ಬಾಯಿ ಬಿಡಿಸುವ ಯೋಚನೆ ಆಗಲೂ ಬರಲಿಲ್ಲ.

ಆರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ವಾರಿಜಾ ಸಿಟ್ಟಿನಿಂದ ಕೆಂಪಾಗಿ ಬಂದಳು. ಗೇಟಿನೊಳಗೇ ಬಾಯಿ ತೆಗೆಯಲು ಹೊರಟವಳನ್ನು ತೋಳು ಹಿಡಿದು ಸಿಮೆಂಟು ಕಟ್ಟೆಗೆ ಎಳೆದುಕೊಂಡು ಬಂದೆ.

"ಚನ್ನಾಜಮ್ಮ, ನಿಮ್ಮನ್ನ ನಂಬಿ ಹಾಕಿಸ್ದೆ ನಾನು. ಮೂಕ ಹೊಲದ ಹುಲ್ಲು ಅಂತ ಊರೆಲ್ಲಾ ಹೇಳುತ್ತೆ. ನೋಡಿದ್ರೆ ನಿಮ್ಮ ಹುಲ್ಲಲ್ಲಿ ಗಂಡಸು ಮಾತಾಡ್ತಾನೆ" ಎಂದಳು.

"ನಿಮ್ಮೆಜಮಾನ್ರ ದನಿನೇ ಇರ್ಬೇಕು."

"ಮಿಷನ್ ತಳ್ತಿದ್ದಿದ್ದೇ ಅವ್ರು. ಅವ್ರ ದನಿ ಅವ್ರಿಗೆ ಗೊತ್ತಾಗಲ್ವಾ? ಅರ್ಧ ಕತ್ತರಿಸಿ ನಿಲ್ಲಿಸ್ಬಿಟ್ರು. ಬೆಳಿಗ್ಗೆಯಿಂದ ನನ್ ಮುಖ ನೋಡ್ತಿಲ್ಲ. ಯಾರವ್ನು, ಯಾರವ್ನು ಅಂತ ಅದೊಂದೇ ಪ್ರಶ್ನೆ." ಅಷ್ಟು ಹೇಳುವಾಗ ಸಿಟ್ಟು ಇಳಿದು ಅವಳ ಕಣ್ಣು ತುಂಬಿತು.

ನನಗೆ ಮೈ ಉರಿಯಿತು. ನನ್ನ ಹುಲ್ಲಿನ ಮೇಲೆ ಈ ಆಪಾದನೆಯೇ? ನಡಿ, ನಾನೇ ಬಂದು ನೋಡುತ್ತೇನೆ ಎಂದು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಹಿಂದೆಯೇ ಹೊರಟೆ.

ಪಾಲಾಕ್ಷ ಕಚೇರಿಗೂ ಹೋಗದೆ ಮೆಟ್ಟಿಲ ಮೇಲೆ ಕೂತಿದ್ದ. ಅಂಗಳದ ಅರ್ಧ ಭಾಗವನ್ನು ಬೋಳು ಹೊಡೆದಿದ್ದ. ಮಿಷನ್ನಿನ ಅಲಗನ್ನು ಅಷ್ಟು ಕೆಳಗೆ ಇಳಿಸಬಾರದು, ಮೆಕ್ಸಿಕನ್ನಿಗೆ ಬುಡ ತಾಗಿದರೆ ಹಳದಿಯಾಗಿ ಸಾಯುತ್ತದೆ ಎಂದು ಎಷ್ಟು ಸಲ ಹೇಳಿದ್ದೆ. ಅವನ ಮುಖ ನೋಡಿದ ಮೇಲೆ ಬೈಯಲು ಮನಸ್ಸಾಗಲಿಲ್ಲ. ನಿದ್ದೆಯಿಂದ ಎಬ್ಬಿಸಿ ಹೊಡೆದವರ ಹಾಗಿತ್ತು ಆ ಮುಖ.

"ಏನಂತಪ್ಪಾ ಅದು? ಇದ್ದಿದ್ದನ್ನ ಇದ್ದ ಹಾಗೆ ಹೇಳು" ಎಂದೆ.

ಅವನು ಕಚೇರಿಯ ಕಾಗದ ಓದುವ ಹಾಗೆ ಎದುರು ಗೋಡೆ ನೋಡುತ್ತಾ ಹೇಳಿದ. "ಬಿಸ್ಲು ಜಾಸ್ತಿ ಆಯ್ತು, ತಲೆಗೆ ಬಟ್ಟೆ ಕಟ್ಕೋ, ಅಂತು. ಆಮೇಲೆ, ನಿನ್ ಬೆರಳು ಇನ್ನೂ ನೋಯ್ತಿದ್ಯಾ, ಅಂತು. ಇವಳ ಬೆರಳಿಗೆ ಹೋದ ತಿಂಗ್ಳು ಈಳಿಗೆಮಣೆ ತಾಗಿತ್ತು. ಹೊರಗಿನೋರಿಗೆ ಹೆಂಗ್ ಗೊತ್ತಾಯ್ತು ಅದು?"

"ಆಮೇಲೆ?"

"ಯಾವಾಗ್ಲೂ ಸುಮ್ನಿರ್ಬೇಡ, ಏನಾದ್ರೂ ಅನ್ನು, ಅಂತು. ಒಂದೊಂದು ಮಾತಿಗೂ ಕೊನೇಲಿ ಸರೀನಾ, ಸರೀನಾ! ಏನ್ ಸರಿ ಕಂಡ ಅವ್ನು ನಮ್ಮನೇಲಿ?"

ಎರಡು ವರ್ಷದ ಹಿಂದೆ ಕುಡುಗೋಲು ತಾಗಿ ಸೀಳಿದ್ದು ನನ್ನ ಬೆರಳು. ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದ್ದೆ, ಮನೆಯಲ್ಲಿ ಅವರು ಕೈ ಹಿಡಿಯಲು ಬಂದಾಗ ಏನಾಗಿಲ್ಲ ಬಿಡಿ ಎಂದು ಕಿತ್ತುಕೊಂಡಿದ್ದೆ. ನನ್ನ ಗಂಡನ ಮಾತನ್ನು ಯಾರೋ ಗುಮಾಸ್ತ ಸಿಟ್ಟಿನ ದನಿಯಲ್ಲಿ ನನಗೆ ಒಪ್ಪಿಸುತ್ತಿದ್ದ. ನಾನು ಅಲ್ಲೇ ಮೆಟ್ಟಿಲ ಮೇಲೆ ಅವನ ಪಕ್ಕದಲ್ಲಿ ಕೂತೆ.

"ಅದು ನಮ್ಮೆಜಮಾನ್ರಪ್ಪಾ" ಎಂದೆ. "ನಿನ್ ಹೆಂಡ್ತಿ ಮೇಲೆ ಅನುಮಾನ ಪಡ್ಬೇಡ. ತಪ್ಪು ನಂದು. ಬಾಯಿ ಬಿಡಿಸ್ದೆ ಹುಲ್ಲು ಕೊಟ್ಟೆ."

ಆ ಒಂದು ಮಾತಿಗೆ ಮೂಕ ಹೊಲದ ಹೆಸರು ಹೋಯಿತು. ಬೇಲಿಯಾಚೆ ನಿಂತಿದ್ದ ಮೂರ್ನಾಲ್ಕು ಜನರೂ ಅದನ್ನು ಕೇಳಿಸಿಕೊಂಡರು. ಆ ಹೊತ್ತಿನಲ್ಲಿ ನನಗೆ ಅದು ಹೊಳೆಯಲೂ ಇಲ್ಲ.

"ಅವ್ರು ತೀರ್ಕೊಂಡು ವರ್ಷದ ಮೇಲಾಯ್ತಲ್ಲಮ್ಮ" ಎಂದ ಪಾಲಾಕ್ಷ, ಇನ್ನೂ ನಂಬದೆ.

"ಹುಲ್ಲಿಗೆ ಅದು ಗೊತ್ತಿಲ್ವಲ್ಲಪ್ಪಾ."

ಆಗ ಪಕ್ಕದ ಮನೆಯ ಗೋಡೆಯ ಮೇಲಿಂದ ಸುಶೀಲಮ್ಮ ತಲೆ ಹಾಕಿದರು. ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು, ಒಂಟಿ ಜೀವ. ಎಂಟು ವರ್ಷದ ಹಿಂದೆ ಅವರ ಅಂಗಳಕ್ಕೂ ಮೆಕ್ಸಿಕನ್ ಹಾಕಿಕೊಟ್ಟವಳು ನಾನೇ.

"ಅವಳು ಹೇಳ್ತಿರೋದು ನಿಜ ಕಣಪ್ಪಾ, ಅದು ರಾಚಯ್ಯಂದೇ ದನಿ" ಎಂದರು. "ನಮ್ಮನೇಲೂ ಬಂದಿತ್ತು."

ನಾನು ಎದ್ದು ಗೋಡೆಯ ಹತ್ತಿರ ಹೋದೆ. "ನಿಮ್ಮನೇಲಾ? ಏನಂತು?"

"ಊಟ ಆಯ್ತಾ, ಅಂತು. ಇವತ್ತು ನಿನ್ ಸಾರು ಚೆನ್ನಾಗಿತ್ತು, ಅಂತು. ಹಿಂಗೇ ಏನೇನೋ. ನಾನು ಒಂದೇ ಸಲ ಕತ್ತರಿಸ್ಲಿಲ್ಲ. ದಿನಾ ಒಂದೊಂದು ಚಿಟಿಕೆ ಕತ್ತರಿಸ್ಕೊಂಡು ಎರಡು ವರ್ಷ ಕೇಳ್ದೆ."

"ನನಗ್ಯಾಕೆ ಹೇಳ್ಲಿಲ್ಲ?" ನನ್ನ ದನಿ ಕಿರುಚಿದ ಹಾಗೆ ಬಂತು. ಆ ಮುದುಕಿಯ ಜುಟ್ಟು ಹಿಡಿಯುವಷ್ಟು ಸಿಟ್ಟು ಬಂದಿತ್ತು ನನಗೆ. ನನ್ನ ಸಾರನ್ನು ಹೊಗಳಿದ್ದನ್ನು ಕೇಳಿಕೊಂಡು ಇವರು ಎರಡು ವರ್ಷ ಊಟ ಮಾಡಿದರಲ್ಲ.

"ಹೇಳಿದ್ರೆ ನೀನು ಕಿತ್ಕೊಂಡು ಹೋಗಿ ಬೇರೆ ಹಾಕ್ತಿದ್ದೆ" ಎಂದರು ಸುಶೀಲಮ್ಮ, ಸಮಾಧಾನವಾಗಿಯೇ. "ಊಟ ಆಯ್ತಾ ಅಂತ ನನ್ನ ಕೇಳೋರು ಯಾರಿದ್ರು ಚನ್ನಾಜಿ? ಆ ಕೊನೇ ಬೀದಿ ಮನೆಗಳಲ್ಲೂ ಬಂದಿತ್ತಂತೆ. ಯಾರೂ ನಿನ್ ಹತ್ರ ಎತ್ಲಿಲ್ಲ. ನೀನು ಪ್ರತಿ ಪಾತಿಗೂ ಬಾಯಿ ಬಿಡಿಸ್ತೀಯ ಅಂತ ಊರಿಗೇ ಗೊತ್ತಲ್ಲ. ಮೊದ್ಲು ನೀನು ಕೇಳಿರ್ತೀಯ, ನೀನು ಕೇಳಿ ಮಿಕ್ಕಿದ್ದು ನಮ್ಗೆ ಬಂದಿದೆ ಅಂದ್ಕೊಂಡಿದ್ವಿ."

ಊರಿಗೇ ಗೊತ್ತಿದ್ದದ್ದು ಅವರಿಗೂ ಗೊತ್ತಿತ್ತು. ನಾನು ಪಾತಿಪಾತಿಗೂ ಹಿಡಿ ಕತ್ತರಿಸಿ ಕಿವಿಗಿಟ್ಟುಕೊಳ್ಳುವುದನ್ನು ಇಪ್ಪತ್ತಾರು ವರ್ಷ ನೋಡಿದವರು ಅವರು. ತನ್ನ ಪಾತಿಗೂ ಹಾಗೇ ಮಾಡುತ್ತಾಳೆ ಎಂದೇ ನಂಬಿದ್ದರು. ಹಗಲು ನಾನು ತುಟಿ ಬಿಚ್ಚಗೊಡುವುದಿಲ್ಲ, ಸಂಜೆ ಗೋಡೆಯ ಕಡೆ ತಿರುಗುತ್ತೇನೆ. ನನಗೆ ಮಾತು ಮುಟ್ಟಿಸಲು ಅವರಿಗೆ ಉಳಿದಿದ್ದು ಆ ಒಂದು ದಾರಿ. ಬೇವಿನ ಮರದಾಚೆ ಬಗ್ಗಿ ಕೂತು, ನನಗೆ ಕಾಣದ ಹಾಗೆ, ವರ್ಷಾನುಗಟ್ಟಲೆ ಹುಲ್ಲಿಗೆ ಹೇಳಿದ್ದರು. ನಾನು ಅದನ್ನು ಕತ್ತರಿಸಿ ಕೇಳದೆ ಗಾಡಿಗೆ ತುಂಬಿ ಊರಿಗೆಲ್ಲ ಹಂಚಿದ್ದೆ. ಇದು ತಲೆಗೆ ಇಳಿಯುತ್ತಾ ಇಳಿಯುತ್ತಾ ಸುಶೀಲಮ್ಮನ ಮೇಲಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಉಳಿದಿದ್ದು ವಾರಿಜಾಳ ಅಂಗಳದ ಅರ್ಧ. "ಈ ಅರ್ಧವನ್ನ ನಂಗೆ ಬಿಟ್ಕೊಡು ತಾಯಿ" ಎಂದೆ ಅವಳಿಗೆ.

"ಎತ್ಕೊಂಡು ಹೋಗಿ, ನಿಮ್ಮನೆ ಮುಂದೆ ಹಾಕೊಳ್ಳಿ" ಎಂದಳು.

ಆಗದ ಮಾತು ಅದು. ಆರು ವಾರದಲ್ಲಿ ಬೇರು ಹಿಡಿದ ಹುಲ್ಲನ್ನು ಈ ಸುಡು ಬೇಸಿಗೆಯಲ್ಲಿ ಇನ್ನೊಮ್ಮೆ ಕಿತ್ತರೆ ನಾಲ್ಕು ದಿನಕ್ಕೆ ಒಣಗುತ್ತದೆ. ಒಣಗಿದ ಹುಲ್ಲಿನಲ್ಲಿ ಮಾತು ನಿಲ್ಲುವುದಿಲ್ಲ. ಕತ್ತರಿ ಕಾಣದೆ ಎರಡು ವರ್ಷ ದಾಟಿದ ಹುಲ್ಲು, ಹಾಗೇ ಬಿಟ್ಟರೂ ಮುಂದೆ ಮಳೆ ಹಿಡಿದಾಗ ಉಬ್ಬಿನ ಅಡಿಯಲ್ಲಿ ಕೊಳೆಯುತ್ತದೆ. ಈ ಹುಲ್ಲಿನ ಗುಣ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೇಳುವುದಾದರೆ ಇಲ್ಲೇ, ಇವತ್ತೇ, ಒಂದೇ ಸಲ.

ಪಾಲಾಕ್ಷ ಮಿಷನ್ನು ತರಲು ಎದ್ದ. ನಾನು ಬೇಡವೆಂದೆ. ಮಿಷನ್ನಿಗೆ ಕೊಟ್ಟರೆ ಮಾತುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಹುಲ್ಲು ಬುಡದಿಂದ ಬೆಳೆಯುವಂಥದ್ದು, ತುದಿಯಲ್ಲಿರುವುದೇ ಹಳೆಯ ಮಾತು, ಕೆಳಗಿಳಿದಷ್ಟೂ ಈಚಿನದು. ಕತ್ತರಿಯಲ್ಲಿ ಒಂದೊಂದು ಉಗುರಿನಷ್ಟೇ ಇ‌ಳಿದುಕೊಂಡು ಹೋದರೆ ಅವರು ಹೇಳಿದ ಕ್ರಮದಲ್ಲೇ ಕೇಳಿಸುತ್ತದೆ. ನಾನು ಸೆರಗು ಸಿಕ್ಕಿಸಿ ಮಂಡಿಯೂರಿದೆ.

ಮೊದಲ ಕತ್ತರಿಗೇ ಅವರ ದನಿ ಬಂತು. ನಾನು ಅಂದುಕೊಂಡದ್ದಕ್ಕಿಂತ ತೆಳ್ಳಗಿತ್ತು. ಇಂಥ ದನಿಯನ್ನು ನಾನು ಹೇಗೆ ಮರೆತೆ? ಕತ್ತರಿ ಜಾರಿ ಬಿತ್ತು, ವಾರಿಜಾ ಎತ್ತಿಕೊಟ್ಟಳು.

"ಚನ್ನಿ, ನಿನ್ ಸೆರಗಲ್ಲಿ ಒಂದು ಮಿಡತೆ ಕೂತಿದೆ. ಹೇಳಕ್ಕೆ ಬಂದ್ರೆ ಕಣ್ ಬಿಡ್ತೀಯ. ಅದನ್ನೂ ಕರ್ಕೊಂಡೇ ಓಡಾಡು, ಸರೀನಾ?" ಎಂದರು ಅವರು. ಇನ್ನೊಂದು ಕಡೆ ಕತ್ತರಿಸಿದೆ. "ನಿನ್ನೆ ಗೇಟ್ ಹತ್ರ ನಮ್ ಹಳೇ ಬಸ್ಸಿನ ಡ್ರೈವರ್ ಸಿಕ್ಕಿದ್ದ. ನಿನ್ ಹೆಂಡ್ತಿ ಜೋರಂತಲ್ಲ ಅಂದ. ಹೌದಪ್ಪಾ, ಅದ್ಕೇ ನಾನು ಬದ್ಕಿರೋದು ಅಂದೆ." ಮತ್ತೊಂದು ಕಡೆ. "ಬೆರಳಿಗೆ ಅರಿಶಿನ ಹಚ್ಕೊಂಡಿದ್ದೀಯ ತಾನೇ? ಕೈ ಕೊಡಲ್ಲ ಅಂತೀಯ ನೀನು, ದೂರದಿಂದ್ಲೇ ನೋಡ್ಬೇಕು ನಾನು." ಪಾಲಾಕ್ಷ ತಲೆ ತಗ್ಗಿಸಿದ. ವಾರಿಜಾ ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಲೋ ಅಳುತ್ತಲೋ ಇದ್ದಳು. ನಾನಂತೂ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದೆ. ಇಪ್ಪತ್ತಾರು ವರ್ಷ ಪಕ್ಕದಲ್ಲೇ ಇದ್ದ ಮನುಷ್ಯ ಇಷ್ಟು ತಮಾಷೆಯವರು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿತ್ತು, ಬಸ್ಸಿನಲ್ಲಿ ಮೊದಲು ನೋಡಿದಾಗ ಗೊತ್ತಿತ್ತು. ಆಮೇಲೆ ನಾನೇ ಮರೆತಿದ್ದೆ.

ಬಿಸಿಲು ನೆತ್ತಿಗೆ ಬಂತು. ಯಾವಾಗಲೋ ನೋಡಿದರೆ ಪಾಲಾಕ್ಷ ನನ್ನ ತಲೆಯ ಮೇಲೆ ಕೊಡೆ ಹಿಡಿದುಕೊಂಡು ನಿಂತಿದ್ದ. ಹುಲ್ಲು ಅರ್ಧ ಎತ್ತರಕ್ಕೆ ಇಳಿದಿತ್ತು. ಆಗ ಬಂತು ಆ ಮಾತು.

"ಚನ್ನಿ, ಒಂದು ಕೇಳ್ತೀನಿ, ಬೈಬೇಡ. ಒಂದಿನ ನಾವಿಬ್ರೂ ಮಾತಾಡ್ಕೊಂಡು ಕೆಲ್ಸ ಮಾಡೋಣ್ವಾ? ಕೂಲಿಯವ್ರಿಗೆ ರಜ ಕೊಟ್ಬಿಡು. ಬೆಳಿಗ್ಗೆಯಿಂದ ಸಂಜೆವರ್ಗೂ ಮಾತಾಡ್ತಾನೇ ಇರೋಣ. ಆ ಪಾತೀನ ಮಾರೋದ್ ಬೇಡ, ನಮ್ಗೇ ಇಟ್ಕೊಳ್ಳೋಣ. ಯಾರು ಮೊದ್ಲು ಹೋಗ್ತೀವೋ, ಇನ್ನೊಬ್ರಿಗೆ ಇರುತ್ತೆ. ಸರೀನಾ?"

ನಾನು ಕತ್ತರಿ ನಿಲ್ಲಿಸಿದೆ. ಸುಶೀಲಮ್ಮ ಗೋಡೆಯ ಹಿಂದೆ ಮೂಗು ಸೀಟಿದರು.

ಇನ್ನೂ ಸ್ವಲ್ಪ ಕೆಳಗೆ ಅದನ್ನೇ ಮತ್ತೆ ಕೇಳಿದ್ದರು. "ಹೋದ ಸಲ ಕೇಳಿದ್ನಲ್ಲ ಚನ್ನಿ, ಏನ್ ಮಾಡ್ದೆ ಅದನ್ನ? ಕೆಲ್ಸ ಜಾಸ್ತಿ ಇದೆ ಅಂತ ಗೊತ್ತು. ಮಳೆಗಾಲದಲ್ಲಿ ಆದ್ರೂ ಆಗ್ಬೋದು."

"ಇನ್ನೂ ಇಳಿದ್ರೆ ಹುಲ್ಲು ಸಾಯುತ್ತೆ ಅಂತ ನೀವೇ ಹೇಳಿದ್ರಿ" ಎಂದ ಪಾಲಾಕ್ಷ, ಮೆಲ್ಲಗೆ.

"ಸಾಯ್ಲಿ ಬಿಡ್ರೀ" ಎಂದಳು ವಾರಿಜಾ. "ನಮ್ಗೆ ಗರಿಕೆ ಹಾಕಿಸ್ಕೊಡ್ತಾರೆ. ವಾರ ವಾರ ಕೇಳ್ಕೊಂಡ್ಬಿಡೋಣ ನಾವು. ಇಟ್ಕೊಂಡು ಕೂರೋ ಹುಲ್ಲು ನಮ್ಗೆ ಬೇಡ."

ನಾನು ಇಳಿದೆ. ಬುಡಕ್ಕೆ ಎರಡು ಬೆರಳು ಉಳಿದಿದ್ದಾಗ ಅವರು ಮತ್ತೆ ಮಾತಾಡಿದರು. ಈ ಸಲ ದನಿ ತೀರಾ ಸಣ್ಣಗಿತ್ತು. ಕಿವಿಯನ್ನು ನೆಲಕ್ಕೆ ತಾಗಿಸಿ ಕೇಳಿಸಿಕೊಂಡೆ.

"ಮೂರು ಸಲ ಕೇಳ್ದೆ ಚನ್ನಿ. ನೀನು ಏನೂ ಅನ್ಲಿಲ್ಲ. ಬೇಡ ಅಂತಾನೇ ಅಂದ್ಕೊಂಡೆ. ಬೇಜಾರ್ ಮಾಡ್ಕೋಬೇಡ, ಇನ್ಮೇಲೆ ಮಾತಾಡಲ್ಲ ನಾನು."

ನನಗೆ ಸಿಕ್ಕಿದ್ದು ಎರಡೇ ಸಲದ್ದು, ಇನ್ನೊಂದು ಮಿಷನ್ನು ಬೋಳು ಹೊಡೆದ ಅರ್ಧದಲ್ಲಿ ಹೋಗಿರಬೇಕು. ಅದರ ಕೆಳಗೆ ಏನೂ ಇರಲಿಲ್ಲ. ಹೇಳಿದ ಹಾಗೇ ನಡೆದುಕೊಂಡಿದ್ದರು. ಆಮೇಲೆ ಅವರು ಸುಮ್ಮನೆ ಕಳೆ ಕಿತ್ತ ದಿನಗಳು, ಕಾಯಿಲೆ ಮಲಗಿದ ದಿನಗಳು, ಹೋದ ಮೇಲಿನ ತಿಂಗಳುಗಳು, ಎಲ್ಲದರಲ್ಲೂ ಹುಲ್ಲು ಮಾತಿಲ್ಲದೆ ಬೆಳೆದಿತ್ತು. ಆದರೂ ನನ್ನ ಕೈ ನಿಲ್ಲಲಿಲ್ಲ. ಒಂದು ಕೆಮ್ಮಾದರೂ ಸಿಕ್ಕೀತು, ಒಂದು ಉಸಿರಾದರೂ ಸಿಕ್ಕೀತು ಎಂದು ಈ ತುದಿಯಿಂದ ಆ ತುದಿಗೆ ಮಂಡಿಯಲ್ಲೇ ಸರಿಯುತ್ತಾ ಕತ್ತರಿಸಿದೆ. ಮಂಡಿ ತರಚಿ ಸೀರೆಗೆ ರಕ್ತ ಅಂಟಿತು. ಯಾರೂ ನನ್ನನ್ನು ತಡೆಯಲಿಲ್ಲ.

ಕಡೆಗೆ ಮಣ್ಣು ಮುಟ್ಟುವಷ್ಟರಲ್ಲಿ, ತೀರಾ ಬುಡದಲ್ಲಿ, ಒಂದು ದನಿ ಬಂತು. ಹೆಣ್ಣಿನ ದನಿ.

"ರೀ, ಕಾಫಿ ಆರೋಗ್ತಿದೆ."

"ಬಂದೆ, ಬಂದೆ."

ವಾರಿಜಾ ಮತ್ತು ಪಾಲಾಕ್ಷ. ಈ ಆರು ವಾರದಲ್ಲಿ ಯಾವುದೋ ಒಂದು ಸಂಜೆ ಆಡಿದ್ದು, ಆಡಿದ ನೆನಪೂ ಅವರಿಗಿರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅವನು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಅವಳ ಹೆಗಲ ಮೇಲೆ ಕೈಯಿಟ್ಟ.

ನಾನು ಅಲ್ಲೇ ಬೋಳು ನೆಲದ ಮೇಲೆ ಕೂತೆ. ಮೊದಲ ಸಲವೇ ಕೇಳಿಸಿದ್ದರೆ ಹೂಂ ಎನ್ನುತ್ತಿದ್ದೆನೋ, ಕೆಲಸ ಕೆಡುತ್ತದೆ ಎಂದು ಬೈಯುತ್ತಿದ್ದೆನೋ, ದೇವರಾಣೆ ನನಗೆ ಗೊತ್ತಿಲ್ಲ. ಬೈದಿದ್ದರೂ ಅವರಿಗೆ ಅದು ಸಾಕಿತ್ತು, ಬೈಗುಳವೂ ಒಂದು ಉತ್ತರ. ನಾನು ನೆಲದ ಕಡೆ ಬಗ್ಗಿದೆ. "ಹೂಂ ರೀ" ಎಂದೆ. "ಕೇಳಿಸ್ಲಿಲ್ಲ ಕಣ್ರೀ ನಂಗೆ. ನಿಮ್ ಪಾತೀಗೆ ಬಾಯಿ ಬಿಡಿಸ್ಲೇ ಇಲ್ಲ ನಾನು. ಹೂಂ, ಮಾತಾಡ್ಕೊಂಡೇ ಮಾಡೋಣ." ನನ್ನ ಮಾತನ್ನು ಹಿಡಿದಿಡಲು ಅಲ್ಲಿ ಒಂದು ಎಳೆ ಹುಲ್ಲನ್ನೂ ನಾನು ಉಳಿಸಿರಲಿಲ್ಲ. ಅವರು ಮೂರು ಸಲ ಕೇಳಿದ್ದರು. ನಾನೂ ಮೂರು ಸಲ ಹೂಂ ಎಂದೆ, ಆ ಬರೀ ಮಣ್ಣಿಗೆ.